ಹದಿನೇಳನೇ ಬಿಂದುವಿನ ಸಿಗ್ನಲ್

ನನ್ನ ಹೆಂಡತಿ ಹೇಳಿದ್ದು ಇಷ್ಟೇ: "ರೀ, ನಮ್ಮ ಫೋನಲ್ಲಿ ನೆಟ್ಟೇ ಬರ್ತಿಲ್ಲ. ಕೆಳಗಿನ ಮನೆ ನರ್ಸಕ್ಕನ ಸಿಮ್ ಕಂಪನಿಗೆ ಇವತ್ತೇ ಬದಲಾಯಿಸಿಬಿಡೋಣ. ಮುಂದಿನ ವಾರ ಬಿಟ್ಟು ಅದರಾಚೆ ಸೋಮವಾರ ನನ್ನ ಮೌಖಿಕ ಪರೀಕ್ಷೆ."

ಮದುವೆಯಾಗಿ ಹನ್ನೊಂದು ವರ್ಷದ ಮೇಲೆ ಅವಳು ಮನೆಯಲ್ಲೇ ಓದಿ ಮ್ಯಾನೇಜ್‌ಮೆಂಟ್ ಡಿಗ್ರಿಗೆ ಕೂತಿದ್ದಳು. ಬರೆಯುವ ಪರೀಕ್ಷೆಗಳೆಲ್ಲ ಮುಗಿದು, ಫೋನಿನ ವಿಡಿಯೊದಲ್ಲಿ ನಡೆಯುವ ಇದೊಂದೇ ಬಾಕಿ. ಹೇಳಿದ ಹೊತ್ತಿಗೆ ಮುಖ ಕಾಣದಿದ್ದರೆ ಗೈರುಹಾಜರಿ. ಇನ್ನೊಂದು ವರ್ಷ ಕಾಯಬೇಕು.

ಆದರೂ ಇವತ್ತೇ ಅಂದರೆ? ನಾನು ಹಾಲಿನ ಡೇರಿಯ ಪ್ರಯೋಗಾಲಯದವನು. ಮೂರು ಸಲ ಪರೀಕ್ಷಿಸದೆ ಹಾಲು ಬೆಳ್ಳಗಿದೆ ಎಂದೂ ಒಪ್ಪುವವನಲ್ಲ. (ನಮ್ಮ ವಂಶದಲ್ಲಿ ಡಿಗ್ರಿ ಪಡೆದ ಮೊದಲಿಗ ಬೇರೆ. ಓದಿದ್ದನ್ನು ಬಳಸಲು ಮನೆಯಲ್ಲಿ ಅವಕಾಶ ಸಿಗುವುದೇ ಅಪರೂಪ.)

"ಮೊದಲು ಸಮಗ್ರ ಸಮೀಕ್ಷೆ ಆಗ್ಲಿ!" ಎಂದು ಘೋಷಿಸಿದೆ. ಮೈಯೆಲ್ಲ ಹುಮ್ಮಸ್ಸು.

ಮನೆಯನ್ನು ನಲವತ್ತಾರು ಬಿಂದುಗಳಾಗಿ ವಿಂಗಡಿಸಿ ಗೋಡೆಗೂ ನೆಲಕ್ಕೂ ಸಂಖ್ಯೆಯ ಚೀಟಿ ಅಂಟಿಸಿದೆ. ದಿನಕ್ಕೆ ಮೂರು ಹೊತ್ತು, ಒಂದು ಕೈಯಲ್ಲಿ ನಮ್ಮ ಫೋನು, ಇನ್ನೊಂದು ಕೈಯಲ್ಲಿ ನರ್ಸಕ್ಕನಿಂದ ಎರವಲು ತಂದ ಫೋನು ಹಿಡಿದು ಎರಡರ ವೇಗವನ್ನೂ ಅಳೆದು ಪಟ್ಟಿಗೆ ಏರಿಸತೊಡಗಿದೆ. ನಮ್ಮೊಂದಿಗಿರುವ ಅತ್ತೆಯವರ ಕುರ್ಚಿ ಮೂವತ್ತೊಂದನೇ ಬಿಂದು.

"ಅತ್ತೆ, ಒಂಚೂರು ಏಳ್ತೀರಾ? ಅಳೀಬೇಕು."

"ಬೆಳಿಗ್ಗೆ ಅಳೆದ್ರಲ್ಲ ಅಳಿಯಂದ್ರೇ, ಮಧ್ಯಾಹ್ನಕ್ಕೆ ಕುರ್ಚಿ ಬೆಳೆದಿರತ್ತಾ?"

ಐದನೇ ದಿನಕ್ಕೆ ನರ್ಸಕ್ಕ, "ಫೋನ್ ನೀವೇ ಇಟ್ಕೊಳ್ಳಿ ಅಣ್ಣಾ, ಬೇಕಾದಾಗ ನಾನೇ ಬಂದು ಕೇಳ್ತೀನಿ" ಎಂದರು. ಸಾರ್ವಜನಿಕರ ಸಹಕಾರ ಉತ್ತಮ ಎಂದು ಬರೆದುಕೊಂಡೆ.

ಹತ್ತನೇ ದಿನ, ಗುರುವಾರ, ಹದಿನೆಂಟು ಪುಟಗಳ ವರದಿ ಸಿದ್ಧವಾಯಿತು. ತೀರ್ಮಾನ: ನರ್ಸಕ್ಕನ ಕಂಪನಿಯೇ ಶ್ರೇಷ್ಠ. ಸರ್ವೋತ್ತಮ ಸ್ಥಳ: ಹದಿನೇಳನೇ ಬಿಂದು, ಅಂದರೆ ಅಡುಗೆಮನೆ ಕಿಟಕಿಯ ಮೇಲಂಚು.

"ಅದನ್ನೇ ತಾನೇ ನಾನು ಹತ್ತು ದಿನದ ಹಿಂದೆ ಬಡ್ಕೊಂಡಿದ್ದು?"

"ನೀನು ಹೇಳಿದ್ದು ಊಹೆ ಕಣೇ. ಇದು ವಿಜ್ಞಾನ!"

ಅಂದೇ ನರ್ಸಕ್ಕನ ಫೋನು ಹಿಂದಿರುಗಿಸಿ, ಅಂಗಡಿಗೆ ಓಡಿ ಮನೆಯ ಮೂರೂ ನಂಬರುಗಳನ್ನು ಆ ಕಂಪನಿಗೆ ಬದಲಾಯಿಸಲು ಅರ್ಜಿ ಹಾಕಿದೆ. "ಮೂರು ದಿನ ಸಾರ್" ಎಂದ ಅಂಗಡಿಯವನು. ಶುಕ್ರ, ಶನಿ, ಭಾನು. ಸೋಮವಾರಕ್ಕೆ ಎಲ್ಲ ಸಿದ್ಧ! ಅವರ ಲೆಕ್ಕದಲ್ಲಿ ಭಾನುವಾರ ದಿನವೇ ಅಲ್ಲವೆಂದು ನಾನು ಕೇಳಿರಲಿಲ್ಲ, ಅವನು ಹೇಳಿರಲಿಲ್ಲ.

ಸೋಮವಾರ ಹನ್ನೊಂದಕ್ಕೆ ಪರೀಕ್ಷೆ. ಹತ್ತೂ ಐವತ್ತಕ್ಕೆ ಮನೆಯ ಮೂರೂ ಫೋನುಗಳು ಸಾಮೂಹಿಕವಾಗಿ ಕಣ್ಣುಮುಚ್ಚಿದವು. ಮೂರನೇ ದಿನ ಅಂದೇ ಆಗಿ ಹಳೆ ಸಿಮ್ ಸತ್ತಿತ್ತು; ಹೊಸದಕ್ಕೆ ಜೀವ ಬರಲು ನಾಲ್ಕು ಗಂಟೆ ಬೇಕಂತೆ.

ಹೆಂಡತಿ ಕೂಗಾಡಲಿಲ್ಲ. (ಕೂಗಾಡಿದ್ದರೆ ಧೈರ್ಯ ಬರುತ್ತಿತ್ತು.) "ನರ್ಸಕ್ಕನ ಫೋನು" ಎಂದಳು, ಅಷ್ಟೇ. ಮೆಟ್ಟಿಲುಗಳನ್ನು ಮೂರು ಮೂರು ಹಾರಿ ಇಳಿದೆ. ನರ್ಸಕ್ಕ ಬಾಗಿಲು ತೆರೆದವರೇ ಫೋನು ಮುಂದೆ ಹಿಡಿದು, "ಇನ್ನೂ ಮುಗೀಲಿಲ್ವಾ ಅಣ್ಣಾ ಅಳತೆ?" ಎಂದರು.

ಹದಿನೇಳನೇ ಬಿಂದುವಿನಲ್ಲಿ ಫೋನಿಡಲು ಜಾಗವಿಲ್ಲ. ನಾನು ಸ್ಟೂಲ್ ಹತ್ತಿ, ಎರಡೂ ಕೈ ಎತ್ತಿ, ಫೋನನ್ನು ಅವಳ ಕಡೆಗೆ ಹಿಡಿದು ನಿಂತೆ. ಅತ್ತೆ ಸ್ಟೂಲ್ ಹಿಡಿದರು.

"ಅಲ್ಲಾಡಬೇಡಿ ಅಳಿಯಂದ್ರೇ. ಅವಳ ಡಿಗ್ರಿ ನಿಮ್ಮ ಕೈಲಿದೆ."

ಹನ್ನೊಂದಕ್ಕೆ ಅರ್ಧ ನಿಮಿಷವಿರುವಾಗ ಫೋನಿನಿಂದ ದನಿ ಬಂತು: "ನಮಸ್ಕಾರ ಅಮ್ಮಾ, ಚೆನ್ನಾಗಿ ಕಾಣ್ತಿದ್ದೀರಿ." ಕುಣಿಯಬೇಕೆನಿಸಿತು, ಸ್ಟೂಲಿನ ಮೇಲಿದ್ದೆ, ಸುಮ್ಮನಾದೆ.

ಮೂವರು ಪರೀಕ್ಷಕರು ಕೇಳಿದ್ದಕ್ಕೆಲ್ಲ ಅವಳು ಪಟಪಟ ಉತ್ತರಿಸಿದಳು. ನನ್ನ ಎದೆ ಉಬ್ಬಿತು. ಕೊನೆಗೆ ಅವರಲ್ಲಿದ್ದ ಮೇಡಂ ಕೇಳಿದರು: "ಮಾಹಿತಿ ಎಲ್ಲಾ ಸರಿಯಿದ್ದೂ ನಿರ್ಧಾರ ಕೆಟ್ಟಿದ್ದಕ್ಕೆ ಒಂದು ಉದಾಹರಣೆ ಕೊಡಿ. ಪುಸ್ತಕದ್ದು ಬೇಡ, ನೀವು ಕಣ್ಣಾರೆ ಕಂಡದ್ದು."

ಹೆಂಡತಿ ತಲೆಯೆತ್ತಿ ನನ್ನನ್ನೊಮ್ಮೆ ನೋಡಿದಳು. ಬೇಡ ಬೇಡವೆಂದು ತಲೆಯಾಡಿಸಿದೆ.

"ಅಲ್ಲಾಡಬೇಡಿ ಅಂದೆನಲ್ಲ!" ಎಂದು ಕೆಳಗಿನಿಂದ ಅತ್ತೆ ಪಿಸುಗುಟ್ಟಿದರು.

"ನಲವತ್ತಾರು ಬಿಂದು ಮೇಡಂ, ದಿನಕ್ಕೆ ಮೂರು ಸಲ, ಎರಡು ಫೋನು, ಹತ್ತು ದಿನ. ಒಟ್ಟು ಎರಡು ಸಾವಿರದ ಏಳುನೂರ ಅರವತ್ತು ಅಳತೆ" ಎಂದು ಅವಳು ಶುರುಮಾಡಿ ಭಾನುವಾರದವರೆಗೂ ಬಿಡದೆ ಹೇಳಿದಳು. "ಉತ್ತರ ಸರಿಯಾಗೇ ಬಂತು ಮೇಡಂ. ಅದು ಉಪಯೋಗಕ್ಕೆ ಬರೋ ದಿನ ಮಾತ್ರ ದಾಟಿಹೋಗಿತ್ತು."

"ಇದು ನೀವು ಕಟ್ಟಿದ ಕಥೆ ಅಲ್ವೇನಮ್ಮಾ?"

"ಅಲ್ಲ ಮೇಡಂ. ಅಳತೆ ಮಾಡಿದ ನಮ್ಮೆಜಮಾನ್ರೇ ಈಗ ಸ್ಟೂಲ್ ಮೇಲೆ ನಿಂತು ಫೋನ್ ಹಿಡ್ಕೊಂಡಿದ್ದಾರೆ."

"ಹೌದಾ? ಎಲ್ಲಿ, ಸ್ವಲ್ಪ ಆ ಕಡೆ ತಿರುಗಿಸಿ, ನೋಡೋಣ!"

ಸಿಗ್ನಲ್ ಹೋಗಲೆಂದು ಜೀವನದಲ್ಲಿ ಮೊದಲ ಬಾರಿ ಬೇಡಿಕೊಂಡು ಫೋನನ್ನು ನನ್ನತ್ತ ತಿರುಗಿಸಿದೆ. ಒಬ್ಬರು ಕನ್ನಡಕ ತೆಗೆದು ಕಣ್ಣು ಒರೆಸಿಕೊಳ್ಳುತ್ತಿದ್ದರು. ಮೇಡಂ, "ನಿಮ್ಮ ವರದಿಯದೊಂದು ಪ್ರತಿ ಕಳಿಸ್ತೀರಾ ಸಾರ್? ಮುಂದಿನ ವರ್ಷದ ಪಾಠಕ್ಕೆ ಬೇಕು" ಎಂದರು.

ನನ್ನ ವರದಿಯಲ್ಲಿ ಒಂದಕ್ಷರವೂ ತಪ್ಪಿರಲಿಲ್ಲ. ಹದಿನೇಳನೇ ಬಿಂದುವಿನಲ್ಲಿ ಆ ಕಂಪನಿಯ ಕವರೇಜ್ ನಿಜಕ್ಕೂ ಅದ್ಭುತ. ಮೂವರ ನಗುವೂ ಎಲ್ಲೂ ತುಂಡಾಗದೆ, ಹಲ್ಲು ಎಣಿಸುವಷ್ಟು ಸ್ಪಷ್ಟವಾಗಿ ಬಂತು.