ಮುನಿಯಮ್ಮನ ಬುಟ್ಟಿಗೆ ಮರುಳಸಿದ್ದಯ್ಯನ ಚೆಂಡು

ಮಧುಗಿರಿಯ ಬಯಲಿನ ಬ್ಯಾಸ್ಕೆಟ್‌ಬಾಲ್ ಕಂಬಕ್ಕಿದ್ದ ಕಬ್ಬಿಣದ ಬಳೆಯನ್ನು ಯುದ್ಧಕ್ಕೆ ಬೇಕೆಂದು ಸರ್ಕಾರದವರು ಕಿತ್ತೊಯ್ದರು. ಮರುಳಸಿದ್ದಯ್ಯ ಜಗ್ಗಲಿಲ್ಲ. ಅದೇ ಕಂಬಕ್ಕೆ ಮೇದರ ಮುನಿಯಮ್ಮನಿಂದ ಕೊಂಡ ಬುಟ್ಟಿ ಕಟ್ಟಿದ. ಎಸೆದ ಚೆಂಡು ಕೆಳಗೆ ಬೀಳಬೇಕಲ್ಲ, ಬುಟ್ಟಿಯ ತಳ ಕೊಯ್ದು ಹಾಕಿದ. ಎಡವಟ್ಟು ಶುರುವಾದದ್ದೇ ಅಲ್ಲಿಂದ.

ತೆಂಗಿನ ಮರಕ್ಕೆ ಪಂಚೆ ಉಡಿಸಿದಂತಿದ್ದ ಅವನಿಗೆ ಒಂದೇ ಹಠ: ಬ್ಯಾಸ್ಕೆಟ್‌ಬಾಲಿನಲ್ಲಿ ಮೈಸೂರು ಸಂಸ್ಥಾನದ ತಂಡ ಸೇರಬೇಕು, ಅಲ್ಲಿಂದ ಇಡೀ ದೇಶದ ತಂಡ. ಅಪ್ಪ ಪರ್ವತಯ್ಯನದೂ ಒಂದೇ ಹಠ: ಮಗ ಹುಣಸೇಹಣ್ಣಿನ ಮಂಡಿ ಸೇರಬೇಕು.

"ಇವತ್ತು ಆಟ ನೋಡೋಕೆ ಬರೋ ಮೈಸೂರಿನ ಸಾಹೇಬ್ರು ಆರಿಸ್ಕೊಂಡ್ರೆ ಹೋಗು. ಇಲ್ದಿದ್ರೆ ನಾಳೆಯಿಂದ ಮಂಡಿ."

"ಆರಿಸ್ಕೊಂಡೇ ಆರಿಸ್ಕೋತಾರೆ. ನಿಮ್ಮ ಹುಣಸೇಹಣ್ಣು ನೀವೇ ಚೀಪಿ, ಅಪ್ಪಯ್ಯ!"

ಬಯಲಿಗೆ ಬಂದು ನೋಡಿದರೆ ಕಂಬದಲ್ಲಿ ಹೊಚ್ಚಹೊಸ ಬುಟ್ಟಿ, ಬಿಗಿಯಾದ ತಳ ಬೇರೆ. ಕೆಳಗೆ ಮುನಿಯಮ್ಮ, ಮಡಿಲಲ್ಲಿ ಬಿದಿರು ಸೀಳುವ ಕತ್ತಿ.

"ಇದೇನು ಮುನಿಯಮ್ಮ?"

"ನೀವೇ ಏಳಿ ಅಯ್ನೋರೆ. ತಳ ಇಲ್ದ ಬುಟ್ಟೀನ ಊರಿಗೆಲ್ಲ ಕಾಣಂಗೆ ನೇತಾಕಿದ್ದೀರಲ್ಲ! ಮುನಿಯಮ್ಮನ ಬುಟ್ಟಿಗೆ ತಳವೇ ನಿಲ್ಲಾಕಿಲ್ಲ ಅಂತ ಸಂತೇಲಿ ನಗ್ತಾವ್ರೆ. ಅದಕ್ಕೇ ನಾನೇ ಬೇರೆ ಕಟ್ಟಿಸ್ಬುಟ್ಟೆ. ಕುಯ್ಯಕ್ಕೆ ಬಂದ್ರೆ ಗ್ರಾಚಾರ ಬುಡಿಸ್ತೀನಿ!"

ಅಷ್ಟರಲ್ಲಿ ಜಟಕಾದಿಂದ ಕೋಟು, ಜರಿಪೇಟದ ಸಾಹೇಬರೊಬ್ಬರು ಇಳಿದರು. ಇನ್ನು ಜಗಳಕ್ಕೆ ಹೊತ್ತಿಲ್ಲ. ಮರುಳಸಿದ್ದಯ್ಯ ಚೆಂಡು ಎಸೆದ. ಬುಟ್ಟಿಯೊಳಕ್ಕೆ ಬಿತ್ತು. ಅಲ್ಲೇ ಕೂತಿತು. ಕಾವಿಗೆ ಕೂತ ಕೋಳಿಯನ್ನು ನೋಡುವಂತೆ ಜನವೆಲ್ಲ ಮೇಲೆ ನೋಡಿದರು.

"ಲೇ ಸಿದ್ದಯ್ಯ, ಮರಿ ಆಗೋಗಂಟ ಕಾಯ್ಬೇಕೇನೋ?" ಪಕ್ಕದ ಮನೆ ಕಮಲಾಕ್ಷಮ್ಮ ಕೂಗಿದಳು. ಪರ್ವತಯ್ಯ ಹೊಟ್ಟೆ ಹಿಡಿದುಕೊಂಡು ನಕ್ಕ. ಯಾರೋ ಏಣಿ ತಂದರು.

ಆ ನಗು ಕೇಳಿ ಅವನಿಗೆ ರೇಗಿತು. ಏಣಿಯನ್ನು ಅತ್ತ ನೂಕಿ, ಓಡಿಬಂದು ಎಗರಿ, ಬುಟ್ಟಿಯ ತಳಕ್ಕೆ ಗುದ್ದಿದ. ಚೆಂಡು ಬಾಣಲೆಯ ಅರಳಿನಂತೆ ಸಿಡಿದು ಹೊರಬಂತು. ನೆಲ ಮುಟ್ಟುವ ಮೊದಲೇ ಹಿಡಿದು ಮತ್ತೆ ಎಸೆದ. ಮತ್ತೆ ಗುದ್ದಿದ. ನಗುತ್ತಿದ್ದವರೇ ಸಿಳ್ಳೆ ಹಾಕತೊಡಗಿದರು.

"ಗುದ್ದಿ ಅಯ್ನೋರೆ, ಗುದ್ದಿ! ಒಂದು ಎಳೆ ಬುಟ್ರೆ ಕೇಳಿ!" ಮುನಿಯಮ್ಮನೂ ಎದ್ದು ನಿಂತಳು.

ಸಾಹೇಬರು ಕಣ್ಣು ಮಿಟುಕಿಸಲಿಲ್ಲ. ಅದನ್ನು ಕಂಡು ಇವನು ಇನ್ನೂ ಜೋರಾಗಿ ಗುದ್ದಿದ. ಹಗ್ಗ ಹರಿದು ಬುಟ್ಟಿ ಅವನ ತಲೆಯ ಮೇಲೆ ಕವುಚಿಕೊಂಡಿತು, ಕತ್ತಿನತನಕ. ಒಳಗಿನ ಕತ್ತಲಲ್ಲಿ ಸಾಹೇಬರ ದನಿ ಕೇಳಿಸಿತು:

"ಭೇಷ್! ಆಯ್ಕೆ ಆಯ್ತು! ನಾಳೆಯೇ ಮೈಸೂರಿಗೆ ಹೊರಡಬೇಕು. ಖರ್ಚೆಲ್ಲ ಸರ್ಕಾರದ್ದು."

"ಕೇಳಿಸ್ತಾ ಅಪ್ಪಯ್ಯ? ಮಂಡಿಗೆ ಬೇರೆ ಆಳು ನೋಡ್ಕೊಳ್ಳಿ!" ಬುಟ್ಟಿಯೊಳಗಿಂದಲೇ ಗುಡುಗಿದ.

ಇಬ್ಬರು ಸೇರಿ ಬುಟ್ಟಿ ಎಳೆದು ತೆಗೆದರು. ಸಾಹೇಬರು ಅವನಿಗೆ ಬೆನ್ನು ತಿರುಗಿಸಿ, ಮುನಿಯಮ್ಮನಿಗೆ ಎಲೆ ಅಡಿಕೆ ಕೊಡುತ್ತಿದ್ದರು.

"ಅಷ್ಟು ಗುದ್ದಿದ್ರೂ ಏನೂ ಆಗ್ಲಿಲ್ಲವಲ್ಲಮ್ಮ! ದಸರಾ ವಸ್ತುಪ್ರದರ್ಶನಕ್ಕೆ ಇಂಥ ಕೈಕಸುಬನ್ನೇ ಹುಡುಕ್ಕೊಂಡು ಊರೂರು ಅಲೀತಿದ್ದೆ."

"ಸ್ವಾಮಿ... ತಾವು ಚೆಂಡಾಟಕ್ಕೆ ಬಂದವರಲ್ವೆ?"

"ನಾನಲ್ಲಪ್ಪ. ಚೆಂಡಾಟದವರು ಬರ್ತಿದ್ದ, ಇದ್ದಿಲಲ್ಲಿ ಓಡೋ ಬಸ್ಸು ಕೊರಟಗೆರೆ ಹತ್ರ ಕೆಟ್ಟು ನಿಂತಿತ್ತು. ಬರೋ ವರ್ಷ ನೋಡೋಣ ಅಂತ ವಾಪಸ್ ಹೊರಟ್ರು."

ಪರ್ವತಯ್ಯ ಸೊಂಟದ ಗಂಟು ಬಿಚ್ಚಿದ. ಮಂಡಿಯ ಬೀಗದ ಕೈಯನ್ನು ಮಗನ ಕೈಗಿಟ್ಟ.

ಮುನಿಯಮ್ಮನಿಗೆ ಪಾಪವೆನ್ನಿಸಿತು. "ಮೈಸೂರ್ನಾಗೆ ಆ ಚೆಂಡಿನೋರು ಸಿಕ್ರೆ ನಿಮ್ಮ ಎಸ್ರು ಏಳ್ಲಾ ಅಯ್ನೋರೆ?"

ಮರುಳಸಿದ್ದಯ್ಯ ಕೂದಲೊಳಗೆ ಸಿಕ್ಕಿದ್ದ ಹಗ್ಗದ ಚೂರು ಕಿತ್ತೆಸೆದು ಎದೆ ಸೆಟೆಸಿದ.

"ಹೇಳು! ಬರೋ ವರ್ಷಾನೂ ಬಸ್ಸು ಕೆಟ್ರೆ ನಾನೇ ಹೋಗಿ ಮಧುಗಿರಿಗೆ ತಳ್ಕೊಂಡು ಬರ್ತೀನಿ ಅಂತ ಹೇಳು!"