ನೋವು ಎಷ್ಟು ಅಂದರೆ ಎರಡು

ನಮಗೆ ನೋವು ನುಂಗಲು ಕಲಿಸಿದರು, ಅದು ತಪ್ಪು. ಮನೆಯಲ್ಲಿ ಶುರು ಮಾಡಿದರು, ಪೀಣ್ಯದ ಕಾರ್ಖಾನೆ ಶೆಡ್ಡುಗಳಲ್ಲಿ ಸೂಪರ್‌ವೈಸರುಗಳು ಮುಗಿಸಿದರು. ಹೀಗೆ ಕಲಿತವರು ಆಪರೇಷನ್ ಆಗಿ ಮಲಗಿದಾಗ ಏನೇನು ಮಾಡುತ್ತಾರೆ ಅನ್ನುವುದನ್ನು ಯಾವ ವಾರ್ಡಿಗೆ ಹೋದರೂ ನೋಡಬಹುದು. ನಾನು ನೋಡಿದ್ದು ಆರು ವರ್ಷದ ಹಿಂದೆ, ದಾಸರಹಳ್ಳಿ ಹತ್ತಿರದ ಒಂದು ಆಸ್ಪತ್ರೆಯಲ್ಲಿ. ನನಗೂ ಪಕ್ಕದ ಮಂಚದವನಿಗೂ ಒಂದೇ ದಿನ ಹರ್ನಿಯಾ ಆಪರೇಷನ್. ಆ ದಿನಗಳು ಇನ್ನೊಮ್ಮೆ ಬರಲಿ ಅನ್ನಲಾರೆ, ಆದರೆ ನೆನಪಾದರೆ ಬಿಟ್ಟು ಕಳಿಸಲೂ ಮನಸ್ಸಾಗುವುದಿಲ್ಲ.

೧. ಮಂಚದ ಕಂಬಿ

ಮೊದಲು ನನ್ನದೇ ಹೇಳಿಬಿಡುತ್ತೇನೆ. ಕಾರ್ಖಾನೆ ಗೇಟಿನ ಮುಂದೆ ನಿಂತು ಗ್ಲೌಸ್ ಕೊಡಿ, ಕ್ಯಾಂಟೀನ್ ಅನ್ನ ಸರಿಮಾಡಿ ಅಂತ ಗಂಟಲು ಹರಿದುಕೊಂಡವನು ನಾನು. ನರ್ಸ್ ಬಂದು, ಸೊನ್ನೆಯಿಂದ ಹತ್ತರೊಳಗೆ ನೋವು ಎಷ್ಟಿದೆ ಅಂತ ಕೇಳಿದರು. ಏನೂ ಇಲ್ಲ ಅಂದೆ. ಅವರು ನನ್ನ ಕೈ ನೋಡಿದರು.

“ನೋವಿಲ್ಲ ಅಂದ್ರೆ ಆ ಕಂಬಿ ಬಿಡಿ ಸಾರ್, ಬಗ್ಗೋಗುತ್ತೆ.”

೨. ಸುಣ್ಣದ ಡಬ್ಬಿ

ಪಕ್ಕದ ಮಂಚದವನು ರಾಯಚೂರು ಕಡೆಯವನು, ನನ್ನ ಹಾಗೇ ಲೇತ್ ಆಪರೇಟರ್. ಯಾವಾಗ ಕೇಳಿದರೂ ನೋವು ಎರಡು ಅನ್ನುತ್ತಿದ್ದ. ಹಾಗಂದು ಹಲಗೆಯಂತೆ ಮಲಗಿಬಿಡುತ್ತಿದ್ದ. ಏಳುವುದಿಲ್ಲ, ಕೆಮ್ಮುವುದಿಲ್ಲ, ಉಸಿರನ್ನೂ ಪೂರ್ತಿ ಎಳೆಯುವುದಿಲ್ಲ. ಮೂರನೇ ದಿನ ಎದೆಯಲ್ಲಿ ಕಫ ಗೊರಗೊರ ಅಂದಿತು, ಮೈ ಬಿಸಿಯಾಯಿತು. ಎದ್ದು ಓಡಾಡಿ, ಕೆಮ್ಮಿ ಕಫ ತೆಗೆಯದಿದ್ದರೆ ನ್ಯುಮೋನಿಯಾ ಆಗುತ್ತದೆ ಅಂತ ಡಾಕ್ಟರು ಗದರಿದರು. ಮಾತ್ರೆ ಕೊಟ್ಟರೂ ಯಾಕೆ ಹೀಗೆ ಅಂದುಕೊಂಡು ನರ್ಸ್ ದಿಂಬು ಸರಿಮಾಡಹೋದರೆ, ಅಡಿಯಲ್ಲಿ ಸುಣ್ಣದ ಡಬ್ಬಿ. ಒಳಗೆ ಅಷ್ಟೂ ನೋವಿನ ಮಾತ್ರೆ. ಕಾರ್ಖಾನೆ ಸ್ಟೋರಿನಲ್ಲಿ ಕೇಳಿದಾಗ ಟೂಲ್ ಸಿಗುವುದಿಲ್ಲವೆಂದು ನಾವೆಲ್ಲ ಒಂದೆರಡು ಬಚ್ಚಿಡುವವರೇ. ಇವನು ಅದೇ ಬುದ್ಧಿ ಇಲ್ಲಿಗೂ ತಂದಿದ್ದ.

“ಈಗ ಸುಮ್ನ ಮಕ್ಕೊಂಡೀನಲ್ರೀ ಅಕ್ಕಾರ,” ಅಂದ. “ಡ್ಯೂಟಿಗೆ ಹ್ವಾದ್ಮ್ಯಾಲ ಬೇಕಾಗ್ತಾವ.”

೩. ರೀವರ್ಕ್

ಅಳತೆ ತಪ್ಪಿದ ಪೀಸನ್ನು ಮತ್ತೆ ಮಶಿನ್ನಿಗೆ ಕಟ್ಟಿ ಕೊರೆಯುವುದಕ್ಕೆ ನಮ್ಮಲ್ಲಿ ರೀವರ್ಕ್ ಅನ್ನುತ್ತಾರೆ. ನಾನು ಆಗ ಕೆಲಸಕ್ಕಿದ್ದ ಶೆಡ್ಡು ಈಗಿಲ್ಲ, ಗೋಡೌನ್ ಆಗಿದೆ. ಆದರೆ ಆ ಪದ ಕೇಳಿದರೆ ನನಗೆ ಇವನ ಮುಖವೇ ಕಾಣುತ್ತದೆ.

ಡಬ್ಬಿ ಜಪ್ತಿಯಾದ ಮೇಲೂ ಅವನು ಎರಡರಿಂದ ಮೇಲೇರಲಿಲ್ಲ. ನೋವು ಎರಡೇ ಅಂದವನಿಗೆ ಜೋರು ಔಷಧಿ ಕೊಡುವುದು ಹೇಗೆ ಅಂತ ನರ್ಸ್ ತಲೆ ಚಚ್ಚಿಕೊಂಡರು. ನನಗೆ ಸಿಟ್ಟು ನೆತ್ತಿಗೇರಿತು. ಸಾಯ್ತೀಯಾ ಕಣೋ, ನಿಜ ಹೇಳೋಕೆ ಏನು ರೋಗ ಅಂತ ಬೈದೆ. ನರ್ಸ್ ಅತ್ತ ತಿರುಗುವವರೆಗೆ ಕಾದು, ಮೆಲ್ಲಗೆ ಹೇಳಿದ:

“ಎಂಟು ಅಂದ್ರ ರೀವರ್ಕಿಗೆ ಹಾಕ್ತಾರಲೇ ದೋಸ್ತಾ. ಮತ್ತ ಕೊಯ್ತಾರ.”

ನರ್ಸಿಗೆ ಕೇಳಿಸಿತು. ಸ್ಟೂಲಿನ ಮೇಲೆ ಕೂತು ಕಣ್ಣೊರೆಸಿಕೊಂಡು ನಕ್ಕರು. ಲೆಕ್ಕ ಕೇಳುವುದು ಔಷಧಿ ಕೊಡುವುದಕ್ಕೆ, ಪೀಸು ಪಾಸು ಮಾಡುವುದಕ್ಕಲ್ಲ ಅಂದು ಮತ್ತೆ ಕೇಳಿದರು. ಒಂಬತ್ತು ಅಂದ. ಇಂಜೆಕ್ಷನ್ ಕೊಟ್ಟರು. ಗಂಟೆಯೊಳಗೆ ಹೊಟ್ಟೆಗೆ ದಿಂಬು ಒತ್ತಿಕೊಂಡು ಕೆಮ್ಮಿದ, ವರಾಂಡದ ತುದಿಯವರೆಗೆ ನಡೆದ. ನಕ್ಕು ನಕ್ಕು ನನ್ನ ಹೊಲಿಗೆ ಕಿತ್ತುಬರುವಂತಾಗಿ, ಯಾರೂ ಕೇಳದಿದ್ದರೂ ನಾನೇ ಕೂಗಿದೆ: “ಸಿಸ್ಟರ್, ನಂದು ಏಳು.”

ಎಳನೀರು ಹಿಡಿದು ಆಸ್ಪತ್ರೆಗೆ ಹೋಗಿ ‘ಸ್ವಲ್ಪ ತಡ್ಕೋ’ ಅನ್ನುವವರೇ, ಆ ಮಾತು ನಿಲ್ಲಿಸಿ. ನಿಮ್ಮವರು ಯಾರಾದರೂ ಆಪರೇಷನ್ ಆಗಿ ಮಲಗಿದ್ದರೆ ಪಕ್ಕದಲ್ಲಿ ಕೂತು ಕೇಳಿ. ಅವರು ಬಾಯಿ ಬಿಡದಿದ್ದರೆ ನೀವೇ ಎದ್ದು ನರ್ಸನ್ನು ಕರೆಯಿರಿ.