ತಮ್ಮ ತಂಗಿ ಅಕ್ಕ ಪಕ್ಕ

ಅಚ್ಚುಕೂಟದಲ್ಲಿ ಅವರಿಗೆ ಹೆತ್ತವರು ಇಟ್ಟ ಹೆಸರು ಯಾರಿಗೂ ನೆನಪಿರಲಿಲ್ಲ. ಕರಡು ತಿದ್ದುವ ಕುರ್ಚಿಯಲ್ಲಿ ಕೂತ ದಿನದಿಂದ ಒಂದೊಂದು ಸಾಲಿಗೂ ಹುಡುಕಿ ಹುಡುಕಿ ಅಲ್ಪವಿರಾಮ ಸೇರಿಸುತ್ತಿದ್ದುದರಿಂದ ಎಲ್ಲರೂ ಅವರನ್ನು ಅಲ್ಪವಿರಾಮರಾಯರು ಎಂದೇ ಕರೆಯುತ್ತಿದ್ದರು. ಅದು ಗೇಲಿ ಎಂದು ರಾಯರಿಗೆ ಒಮ್ಮೆಯೂ ಅನಿಸಲಿಲ್ಲ. ಬಿರುದು ಎಂದೇ ತಿಳಿದಿದ್ದರು. ಎಂಥ ಎಡವಟ್ಟು ಬರಹ ಕೈಗೆ ಕೊಟ್ಟರೂ ಅದರಿಂದ ಅರ್ಥ ಹಿಂಡಿ ತೆಗೆಯುತ್ತೇನೆ ಎಂಬುದು ಅವರ ನಂಬಿಕೆ. (ಅರ್ಥವಿಲ್ಲದ ಕಡೆಯೂ ಹಿಂಡಿ ತೆಗೆಯುತ್ತಾರೆ ಎಂಬುದು ಅವರ ಹೆಂಡತಿಯ ನಂಬಿಕೆ.)

ಹೆಂಡತಿ ಹಲ್ಲಿನ ಆಸ್ಪತ್ರೆಯೊಂದರಲ್ಲಿ ಮುಂಬಾಗಿಲ ಮೇಜಿನ ಹಿಂದೆ ಕೂತು ರೋಗಿಗಳನ್ನು ಒಳಗೆ ಕಳಿಸುವ ಕೆಲಸದಲ್ಲಿದ್ದರು. ದಿನವೆಲ್ಲ ಬಾಯಿ ಊದಿಸಿಕೊಂಡವರ ಜತೆ ಮಾತಾಡಿ ಬಂದ ಮೇಲೆ ಮನೆಯಲ್ಲಿ ಬಾಯಿ ಬಿಡದ ಗಂಡ ಸಿಕ್ಕಿದ್ದರೆ ಅವರಿಗೆ ಸುಖವಾಗುತ್ತಿತ್ತು. ಆ ಭಾಗ್ಯ ಇರಲಿಲ್ಲ.

ಬುಧವಾರ ಸಂಜೆ ರಾಯರು ಬೂಟು ಬಿಚ್ಚುತ್ತಿದ್ದಾಗ ಫೋನು ಟಣ್ ಎಂದಿತು. ತಮ್ಮನ ಸಂದೇಶ. ತಮ್ಮ ಬೇರೆ ಊರಿನ ಬಸ್ ಡಿಪೋದಲ್ಲಿ ಮೆಕ್ಯಾನಿಕ್. ಅವನಿಂದ ಸಂದೇಶ ಬರುವುದೇ ಅಪರೂಪ. ಅದಕ್ಕೆ ಕಾರಣವಿತ್ತು. ಅವನು ತನ್ನ ಮದುವೆಯ ಕರೆಯೋಲೆ ಕಳಿಸಿದಾಗ ರಾಯರು ಅದರ ಮೈತುಂಬ ಕೆಂಪು ಗೆರೆ ಎಳೆದು, ಕೊನೆಯಲ್ಲಿ ‘ಮರುಮುದ್ರಣ ಅಗತ್ಯ’ ಎಂದು ಷರಾ ಬರೆದು ವಾಪಸು ಕಳಿಸಿದ್ದರು. ಮದುವೆಗೆ ಹೋದದ್ದೇನೋ ನಿಜ, ಹೊಟ್ಟೆ ತುಂಬ ಉಂಡದ್ದೂ ನಿಜ. ಆದರೆ ಅಲ್ಲಿಂದ ಮುಂದೆ ಅಣ್ಣತಮ್ಮಂದಿರ ಸಂಭಾಷಣೆ ‘ಚೆನ್ನಾಗಿದ್ದೀಯಾ’, ‘ಹೂಂ’ ಎಂಬಲ್ಲಿಗೆ ಬಂದು ನಿಂತಿತ್ತು.

ರಾಯರು ಕನ್ನಡಕ ಏರಿಸಿಕೊಂಡು ಗಟ್ಟಿಯಾಗಿ ಓದಿದರು.

“ಗೆಳೆಯರ ತಂಡ ತಮ್ಮ ತಂಗಿ ಅಕ್ಕ ಪಕ್ಕ ಶನಿವಾರ ಮನೆ ಖಾಲಿ ಇರಲಿ.”

ಓದಿ ಮುಗಿಸಿ ಫೋನನ್ನು ತೋಳಿನಷ್ಟು ದೂರ ಹಿಡಿದರು. “ನೋಡಿದ್ಯಾ? ಒಂದು ಚುಕ್ಕಿ ಇಲ್ಲ, ಒಂದು ಗೆರೆ ಇಲ್ಲ. ಮೈಮೇಲೆ ಬಟ್ಟೆ ಇಲ್ಲದೆ ಬೀದಿಗೆ ಬಂದ ಹಾಗಿದೆ ವಾಕ್ಯ.”

“ತಮ್ಮ, ತಂಗಿ, ಅಕ್ಕ ಅಂತ ಇದೆಯಲ್ಲ ರೀ,” ಎಂದರು ಹೆಂಡತಿ. “ಮೂರೂ ಜನ ಸೇರಿ ಶನಿವಾರ ಬರ್ತಾರೇನೋ. ಒಂದು ಫೋನ್ ಮಾಡಿ ಕೇಳಿಬಿಡಿ.”

ರಾಯರು ನಕ್ಕರು. ಹೊಸದಾಗಿ ಕೆಲಸಕ್ಕೆ ಸೇರಿದವರು ತಪ್ಪು ಮಾಡಿದಾಗ ನಗುವ ನಗೆ ಅದು.

“ಮೇಲ್ನೋಟಕ್ಕೆ ಹಾಗೆ ಕಾಣುತ್ತೆ. ಅಕ್ಕನಿಗೆ ಮೊನ್ನೆ ಮೊನ್ನೆ ಕಣ್ಣಿನ ಆಪರೇಷನ್ ಆಗಿದೆ, ಅವಳು ಎಲ್ಲಿಂದ ಬರ್ತಾಳೆ? ಕೂತ್ಕೋ, ಹೇಳ್ತೀನಿ. ಇಲ್ಲಿ ‘ತಮ್ಮ’ ಅಂದ್ರೆ ನನ್ನ ತಮ್ಮ ಅಲ್ಲ. ತಮ್ಮ ಕೃಪೆ, ತಮ್ಮ ಆಗಮನ ಅಂತೀವಲ್ಲ, ಆ ತಮ್ಮ. ಗೌರವ ಸೂಚಕ.”

“ನಿಮ್ಮ ತಮ್ಮ ಯಾವತ್ತು ನಿಮ್ಮನ್ನ ತಾವು ಅಂದಿದ್ದ?”

“ಮದುವೆ ಆದ್ಮೇಲೆ ಬುದ್ಧಿ ಬಂದಿರಬಹುದು. ಇನ್ನು ‘ತಂಗಿ’. ಅದು ಕ್ರಿಯಾಪದ. ತಂಗು, ತಂಗಿ, ತಂಗಿದರು. ಪ್ರವಾಸಿಗರು ಒಂದು ಕಡೆ ತಂಗಿ ಮುಂದೆ ಹೋದರು ಅಂತ ಓದಿಲ್ವಾ?”

“ಅಕ್ಕ?”

“ಅಕ್ಕ ಎಲ್ಲಿದ್ದಾಳೆ? ಅದು ಅಕ್ಕಪಕ್ಕ. ಜೋಡುಪದ. ಬಿಡಿಸಿ ಬರೆದಿದ್ದಾನೆ, ಅವನ ಹಣೆಬರಹ.”

“ಅಂತೂ ವ್ಯಾಕರಣ ಹೇಳಿ ಮೂವರನ್ನೂ ಮನೆಯಿಂದ ಆಚೆ ಹಾಕಿದ್ರಿ,” ಎಂದು ಹೆಂಡತಿ ಎದ್ದು ಅಡುಗೆಮನೆಗೆ ಹೋದರು.

ರಾಯರು ಒಂದು ಹಾಳೆ ತೆಗೆದು ಪರಿಷ್ಕೃತ ಪಾಠ ಸಿದ್ಧಪಡಿಸಿದರು: ‘ಗೆಳೆಯರ ತಂಡವು ತಮ್ಮ ಅಕ್ಕಪಕ್ಕದಲ್ಲಿ ತಂಗಲಿರುವುದರಿಂದ, ಶನಿವಾರ, ಮನೆ ಖಾಲಿ ಇರಲಿ.’ ಓದಿಕೊಂಡಂತೆ ಅವರ ಮುಖ ಕಳೆಗುಂದಿತು. ಗೆಳೆಯರ ತಂಡ ಯಾವುದೆಂದು ಹೊಳೆದಿತ್ತು. ಡಿಪೋದ ವಾಲಿಬಾಲ್ ತಂಡ. ಹಿಂದೊಮ್ಮೆ ಪಂದ್ಯಕ್ಕೆಂದು ಬಂದು ಈ ಮನೆಯಲ್ಲೇ ಉಳಿದಿದ್ದ ಆ ಮಹಾಪುರುಷರು ಮಂಚವೊಂದರ ಕಾಲು ಮುರಿದು, ಗ್ಯಾಸ್ ಸಿಲಿಂಡರ್ ಬರಿದು ಮಾಡಿ, ರಾಯರ ದಪ್ಪ ನಿಘಂಟಿನ ಮೇಲೆ ಒದ್ದೆ ಕಾಲುಚೀಲ ಒಣಹಾಕಿ ಹೋಗಿದ್ದರು. ಇವತ್ತಿಗೂ ‘ಕ’ ಅಕ್ಷರದ ಪುಟಗಳನ್ನು ತೆರೆದರೆ ವಾಸನೆ ಬರುತ್ತದೆ.

“ಈ ಸಲ ಬಿಡಲ್ಲ,” ಎಂದು ರಾಯರು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದರು. “ಮನೆ ಖಾಲಿ ಇರಲಿ ಅಂದಿದ್ದಾನೆ ತಾನೆ? ಇರಲಿ. ಬೀಗ ಹಾಕ್ಕೊಂಡು ಖಾಲಿ ಇರಲಿ. ನಾವಿಬ್ರೂ ಶನಿವಾರ ಎದುರುಗಡೆ ಲಾಡ್ಜಿಗೆ ಹೋಗೋಣ. ಕಿಟಕಿಯಿಂದ ನೋಡ್ತಾ ಇರೋಣ. ಬಂದ ದಾರಿಗೆ ಸುಂಕವಿಲ್ಲ ಅಂತ ಹೋಗ್ತಾರೆ.”

“ಫೋನ್ ಮಾಡಿ ಕೇಳೋದು ಸುಲಭ ಅಲ್ವಾ?”

“ಓದಿ ಅರ್ಥ ಆಗಲಿಲ್ಲ ಅಂತ ನಾನು ಕೇಳೋದಾ? ನಾನು?”

ಗುರುವಾರ ಸಂಜೆ ಹೆಂಡತಿ ಏನೋ ಹೇಳಲು ಬಂದರು. “ರೀ, ಇವತ್ತು ನಿಮ್ಮ ತಂಗಿಗೆ ನಾನೇ—”

“ತಂಗಿ ಅಲ್ಲ, ತಂಗು.”

“ಅದಲ್ಲ ರೀ. ಅಕ್ಕ ಏನಂದ್ರು ಅಂದ್ರೆ—”

“ಅಕ್ಕಪಕ್ಕ.”

ಹೆಂಡತಿ ಅವರನ್ನು ಒಂದು ಗಳಿಗೆ ದಿಟ್ಟಿಸಿದರು. ಆಮೇಲೆ “ಆಯ್ತು, ಲಾಡ್ಜಿಗೇ ಹೋಗೋಣ,” ಎಂದು ಹೊಲಿಗೆ ಹಿಡಿದು ಕೂತರು. ಅಷ್ಟು ಸುಲಭವಾಗಿ ಅವರು ಯಾವತ್ತೂ ಒಪ್ಪಿದವರಲ್ಲ. ರಾಯರಿಗೆ ಅನುಮಾನ ಬರಬೇಕಿತ್ತು. ತರ್ಕದ ಬಲಕ್ಕೆ ಎಂಥವರೂ ತಲೆಬಾಗುತ್ತಾರೆ ಎಂದು ಹೆಮ್ಮೆ ಬಂತು.

ಶನಿವಾರ ಬೆಳಗ್ಗೆ ಚೀಲ ಹಿಡಿದು, ಮನೆಗೆ ಬೀಗ ಹಾಕಿ, ರಸ್ತೆ ದಾಟಿದರು. ಲಾಡ್ಜಿನ ಮ್ಯಾನೇಜರ್ ಇವರನ್ನು ದಿನಾ ಕಿಟಕಿಯಿಂದ ನೋಡುತ್ತಿದ್ದವನು.

“ಎದುರು ಮನೆಯವರಲ್ವಾ ಸಾರ್? ಏನು, ಮನೆ ರಿಪೇರಿನಾ?”

“ಒಂಥರಾ ರಿಪೇರಿನೇ,” ಎಂದರು ರಾಯರು ಗಂಭೀರವಾಗಿ. “ಬೀದಿ ಕಡೆ ಕಿಟಕಿ ಇರೋ ರೂಮ್ ಕೊಡಿ.”

ಮೇಲೆ ಹೋಗಿ ಪರದೆಯ ಸಂದಿಯಲ್ಲಿ ಕುರ್ಚಿ ಹಾಕಿಕೊಂಡು ಕೂತರು. ಇಲ್ಲೊಂದು ಮಾತು ಹೇಳಬೇಕು. ಇರುವೆಯಂಥ ಅಕ್ಷರದಲ್ಲಿ ಬಿಟ್ಟುಹೋದ ಒತ್ತು ಕಾಣುವ ರಾಯರ ಕಣ್ಣಿಗೆ ಬೀದಿಯ ಆಚೆ ಆನೆ ನಿಂತರೂ ಬೂದು ಬಣ್ಣದ ಗೋಡೆಯಂತೆ ತೋರುತ್ತಿತ್ತು. ದೂರದ ಕನ್ನಡಕ ಬೇಕೆಂದು ಹೆಂಡತಿ ಹೇಳಿದಾಗಲೆಲ್ಲ “ದೂರದಲ್ಲಿ ಓದೋಕೆ ಏನಿದೆ?” ಎನ್ನುತ್ತಿದ್ದರು.

ಸ್ವಲ್ಪ ಹೊತ್ತಿಗೆ ಮನೆಯ ಮುಂದೆ ಆಟೋ ನಿಂತಿತು. ಮೂರು ಆಕೃತಿಗಳು ಇಳಿದವು.

“ಬಂತು ನೋಡು ಮುಂಚೂಣಿ ದಳ,” ರಾಯರು ಕೈ ಉಜ್ಜಿಕೊಂಡರು. “ಒಬ್ಬ ದೊಡ್ಡ ಡಬ್ಬ ಹಿಡಿದಿದ್ದಾನೆ. ಚೆಂಡು ಅದರಲ್ಲಿ. ಮುಖದ ಮೇಲೆ ಕಪ್ಪಗಿರೋದು ಕನ್ನಡಕ, ಹಾಗಿದ್ರೆ ಅವನೇ ಕ್ಯಾಪ್ಟನ್.”

“ಕ್ಯಾಪ್ಟನ್ನಿಗೆ ಜಡೆ ಇದೆಯಲ್ಲ ರೀ.”

“ಈಗಿನ ಆಟಗಾರರು ಏನು ಬೇಕಾದ್ರೂ ಬಿಡ್ತಾರೆ.”

ಕ್ಯಾಪ್ಟನ್ ಬಾಗಿಲು ತಟ್ಟಿದ್ದಾಯಿತು. ಬೀಗವನ್ನು ಅಲ್ಲಾಡಿಸಿದ್ದಾಯಿತು. ಮೂವರೂ ಮೆಟ್ಟಿಲ ಮೇಲೆ ಕೂತರು. ರಾಯರು ಒಂದೊಂದನ್ನೂ ಕ್ರೀಡಾ ವರದಿಗಾರರಂತೆ ವರ್ಣಿಸುತ್ತಾ ಹೋದರು. ಕ್ಯಾಪ್ಟನ್ ತಲೆ ಎತ್ತಿ ಲಾಡ್ಜಿನ ಕಡೆ ನೋಡಿ, ಮುಖ ಮುಚ್ಚಿಕೊಂಡು, ಬಿಳಿಯದೇನನ್ನೋ ಕಣ್ಣಿಗೆ ಒತ್ತಿಕೊಂಡಾಗ ರಾಯರಿಗೆ ತುಸು ಕನಿಕರವೂ ಬಂತು.

“ಪಾಪ, ಅಳ್ತಿದ್ದಾನೆ. ಆದ್ರೂ ಕ್ರೀಡಾಪಟು ಅಂದ್ಮೇಲೆ ಸೋಲು ತಡ್ಕೋಬೇಕು.”

“ಸಾಕು,” ಎಂದು ಹೆಂಡತಿ ಎದ್ದರು. ಬೀಗದ ಕೈ ತೆಗೆದುಕೊಂಡು, ರಾಯರು ಏನು ಎತ್ತ ಎನ್ನುವುದರೊಳಗೆ ಮೆಟ್ಟಿಲಿಳಿದು ಹೋದರು. ರಾಯರು ನೋಡುತ್ತಿದ್ದಂತೆಯೇ ಅವರು ರಸ್ತೆ ದಾಟಿದರು. ಕ್ಯಾಪ್ಟನ್ ಎದ್ದು ಬಂದು ಅವರನ್ನು ತಬ್ಬಿಕೊಂಡ. ಹಾಡಹಗಲು, ನಡುಬೀದಿಯಲ್ಲಿ, ರಾಯರ ಹೆಂಡತಿಯನ್ನು.

ರಾಯರು ಬರಿಗಾಲಲ್ಲಿ ಓಡಿದರು. ಬೆಲ್ ಹೊಡೆದ ಸೈಕಲ್ಲಿನವನಿಗೆ, ಹಾರ್ನ್ ಹೊಡೆದ ಲಾರಿಯವನಿಗೆ ಯಾರಿಗೂ ಬಗ್ಗಲಿಲ್ಲ. “ಏಯ್, ಯಾರಯ್ಯಾ ನೀನು? ಬಿಡಯ್ಯಾ ಅವಳನ್ನ,” ಎಂದು ಕೂಗುತ್ತಲೇ ಹತ್ತಿರ ಬಂದರು. ಹತ್ತಿರವಾದಂತೆ ಆಕೃತಿ ಸ್ಪಷ್ಟವಾಯಿತು. ಜಡೆ ನರೆತಿತ್ತು. ಕಪ್ಪು ಕನ್ನಡಕದ ಪಕ್ಕದಲ್ಲಿ ಚಿಕ್ಕಂದಿನಿಂದ ನೋಡಿದ ಮಚ್ಚೆ ಇತ್ತು.

“ನಾನು ಕಣೋ,” ಎಂದಳು ಅಕ್ಕ. “ನಿನ್ನನ್ನ ಎತ್ತಿ ಆಡಿಸಿದವಳನ್ನ ಅಯ್ಯಾ ಮಾಡಿಬಿಟ್ಯಲ್ಲೋ.”

ಡಬ್ಬ ಹಿಡಿದಿದ್ದವಳು ತಂಗಿ. ಬೇಕರಿ ನಡೆಸುವವಳು, ಡಬ್ಬದೊಳಗೆ ಕೇಕು. “ಅಣ್ಣ, ನನ್ನನ್ನ ಕ್ರಿಯಾಪದ ಮಾಡಿದ್ಯಂತೆ,” ಎಂದಳು.

ತಮ್ಮ ಟೋಪಿ ತೆಗೆದು ತಲೆ ಕೆರೆದುಕೊಂಡ. “ಬರೆದ್ರೆ ಕೆಂಪು ಗೆರೆ ಹಾಕಿ ವಾಪಸ್ ಕಳಿಸ್ತೀಯ ಅಂತ ಫೋನಿಗೆ ಬಾಯಲ್ಲೇ ಹೇಳ್ದೆ ಅಣ್ಣ, ಅದೇ ಬರ್ಕೊಳ್ತು. ಬಸ್ಸಿನ ಕೆಳಗೆ ಮಲಗಿದ್ದೆ, ಎಂಜಿನ್ ಓಡ್ತಿತ್ತು. ಮಕ್ಕಳು ಮರಿ ಯಾರೂ ಇಲ್ಲದೆ ಗೆಳೆಯರ ಥರ ಒಂದಿನ ಇರೋಣ, ತಮ್ಮ, ತಂಗಿ, ಅಕ್ಕ ಪಕ್ಕಾ ಬರ್ತೀವಿ ಅಂದೆ. ಅದು ಥರ ಅನ್ನೋದನ್ನ ತಂಡ ಮಾಡ್ತು. ಅರ್ಧ ನುಂಗ್ತು.”

“ಮತ್ತೆ ಮನೆ ಖಾಲಿ?”

“ಅಕ್ಕನಿಗೆ ಗಲಾಟೆ ಆಗಬಾರದು ಅಂತ. ಬೇರೆ ನೆಂಟರನ್ನ ಕರೀಬೇಡ ಅಂತ.”

ರಾಯರು ಹೆಂಡತಿಯ ಕಡೆ ತಿರುಗಿದರು. “ನಿನಗೆ ಗೊತ್ತಿತ್ತಾ?”

“ಗುರುವಾರವೇ ಫೋನ್ ಮಾಡಿ ಕೇಳಿದ್ದೆ. ಹೇಳೋಕೆ ಬಂದ್ರೆ ನೀವು ಪಾಠ ಮಾಡಿದ್ರಿ. ಅಕ್ಕನೇ ಅಂದ್ರು, ಹೋಗಲಿ ಬಿಡು, ಎಷ್ಟು ಹೊತ್ತು ಕಿಟಕೀಲಿ ಕೂರ್ತಾನೆ ನೋಡೋಣ ಅಂತ.”

“ಅಕ್ಕ, ನೀನು ಕಣ್ಣು ಒರೆಸ್ಕೊಂಡೆಯಲ್ಲ,” ರಾಯರ ದನಿ ಇಳಿಯಿತು. “ನೀನು ಅಳ್ತಿದ್ದೆ.”

“ಯಾಕೋ ಅಳಲಿ? ನಗು ತಡೆಯೋಕೆ ಆಗಲಿಲ್ಲ. ಪರದೆ ಸಂದಿಯಲ್ಲಿ ನಿನ್ನ ಬೋಳುತಲೆ ಫಳಫಳ ಹೊಳೀತಿತ್ತು. ಡಾಕ್ಟರು ಆಪರೇಷನ್ ಬಹಳ ಚೆನ್ನಾಗಿ ಮಾಡಿದ್ದಾರೆ ಅಂತ ಆಗಲೇ ಗೊತ್ತಾಯ್ತು.”

ಒಳಗೆ ಹೋಗಿ ಕೂತ ಮೇಲೆ ಅಕ್ಕ ಕನ್ನಡಕ ತೆಗೆದಳು. ಪಟ್ಟಿ ಬಿಚ್ಚಿದ ದಿನ ಏನು ನೋಡಬೇಕು ಅನಿಸುತ್ತೆ ಎಂದು ಡಾಕ್ಟರು ಕೇಳಿದರಂತೆ. ನನ್ನ ಮೂರು ಜನರನ್ನ ಒಂದೇ ಕಡೆ ಕೂರಿಸಿ ನೋಡಬೇಕು ಅಂದಳಂತೆ. ಅಮ್ಮ ಹೋದ ಮೇಲೆ ಮೂವರಿಗೂ ತಲೆ ಬಾಚಿ ಶಾಲೆಗೆ ಕಳಿಸಿದವಳು ಅವಳೇ. ತಂಗಿಯ ಗಲ್ಲ ಹಿಡಿದು ನೋಡಿದಳು, ತಮ್ಮನ ಕಿವಿ ಹಿಂಡಿ ನೋಡಿದಳು. ರಾಯರ ಮುಖವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

“ಆದ್ರೂ,” ಎಂದರು ರಾಯರು ಕೊನೆಗೆ, “ವಾಕ್ಯದಲ್ಲಿ ದೋಷ ಇತ್ತು.”

ಯಾರಾದರೂ ಕೋಪಿಸಿಕೊಳ್ಳುವ ಮೊದಲೇ ತಮ್ಮ ಬಿದ್ದು ಬಿದ್ದು ನಕ್ಕ. ಅವನು ನಕ್ಕದ್ದು ಕಂಡು ರಾಯರೂ ನಕ್ಕರು. ಕೇಕು ಕತ್ತರಿಸಿದರು. ಮಧ್ಯಾಹ್ನವೆಲ್ಲ ಹಳೆಯ ಜಗಳಗಳನ್ನು ಒಂದೊಂದಾಗಿ ತೆಗೆದು, ಯಾರು ಗೆದ್ದದ್ದು ಎಂದು ಮತ್ತೆ ಜಗಳವಾಡಿದರು. ಕೆಂಪು ಗೆರೆಯ ಕರೆಯೋಲೆಯ ಮಾತೂ ಬಂತು. ಅದನ್ನು ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದೇನೆ, ಬಂದವರೆಲ್ಲ ಮೊದಲು ಅದನ್ನೇ ನೋಡಿ ನಗುತ್ತಾರೆ ಎಂದು ತಮ್ಮ ಹೇಳಿದಾಗ ರಾಯರಿಗೆ ಸಂತೋಷಪಡಬೇಕೋ ಬೇಡವೋ ತಿಳಿಯಲಿಲ್ಲ.

ಸಂಜೆ ಮಲಗುವ ಏರ್ಪಾಡಿನ ಪ್ರಶ್ನೆ ಎದ್ದಾಗ ಅಕ್ಕ ತೀರ್ಪು ಕೊಟ್ಟಳು. ಹೆಂಗಸರು ಮೂವರೂ ಮನೆಯಲ್ಲಿ. ಹಿಡಿದ ರೂಮು ಹಾಳಾಗಬಾರದು, ಅಣ್ಣತಮ್ಮಂದಿರು ಲಾಡ್ಜಿನಲ್ಲಿ. ರಾಯರು ತಮ್ಮದೇ ಮನೆಯಿಂದ ದಿಂಬು ಕಂಕುಳಲ್ಲಿ ಇರುಕಿಕೊಂಡು ಹೊರಬಿದ್ದರು. ಹೆಂಡತಿ ಬಾಗಿಲಲ್ಲಿ ತಮ್ಮನ ಕೈಗೆ ಏನೋ ಗುಟ್ಟಾಗಿ ತುರುಕಿದ್ದು ಅವರ ಕಣ್ಣಿಗೆ ಬೀಳಲಿಲ್ಲ.

ರೂಮಿನಲ್ಲಿ ಒಂದೇ ಮಂಚ. ಇಬ್ಬರೂ ಅದರ ಎರಡು ತುದಿಯಲ್ಲಿ ಸಂಕೋಚದಿಂದ ಕೂತರು.

“ಅಣ್ಣ, ಒಂದು ಕೇಳ್ಲಾ? ಬೇಜಾರು ಮಾಡ್ಕೋಬಾರದು.”

“ಕೇಳು,” ಎಂದರು ರಾಯರು. ಎಷ್ಟೋ ಕಾಲದ ಮೇಲೆ ತಮ್ಮ ಬಾಯಿಬಿಟ್ಟು ಏನೋ ಕೇಳುತ್ತಿದ್ದಾನೆ. ಎದೆ ತುಂಬಿ ಬಂತು. “ಏನು ಬೇಕಾದ್ರೂ ಕೇಳು.”

“ನೀನು ಗೊರಕೆ ಹೊಡೀತೀಯಾ?”

“ನಾನಾ?” ರಾಯರು ನಕ್ಕರು. “ಈ ಜನ್ಮದಲ್ಲಿ ಇಲ್ಲ. ಬೇಕಾದ್ರೆ ನಿನ್ನ ಅತ್ತಿಗೇನ ಕೇಳು.”

“ಕೇಳ್ದೆ,” ಎಂದು ತಮ್ಮ ಜೇಬಿನಿಂದ ಹತ್ತಿಯ ದೊಡ್ಡ ಉಂಡೆ ತೆಗೆದು, ಎರಡಾಗಿ ಹರಿದು, ಎರಡೂ ಕಿವಿಗೆ ಭದ್ರವಾಗಿ ತುರುಕಿಕೊಂಡು ಮಲಗಿದ.